ಎರಡು ಹಲ್ಲುಗಳ ನಡುವಿನ ಸಂದಿ

ಗೊಂಬೆ ಎಂಬ ಹೆಸರನ್ನು ಅವಳಿಗೆ ಇಟ್ಟವಳು ಸೋದರತ್ತೆ. ಹುಟ್ಟಿದಾಗ ಎರಡು ಅಂಗೈಗಳಲ್ಲಿ ಹಿಡಿಯುವಷ್ಟೇ ಇದ್ದಳೆಂದು ಇಟ್ಟ ಹೆಸರು, ಬೆಳೆದ ಮೇಲೆ ಬೇರೊಂದು ಕಾರಣಕ್ಕೆ ಗಟ್ಟಿಯಾಗಿ ಅಂಟಿಕೊಂಡಿತು. ಯಾರು ಏನು ಹೇಳಿದರೂ ಅವಳು ತಲೆಯಾಡಿಸುವಳು. ತಿಳಿದರೂ ಹ್ಞೂಂ, ತಿಳಿಯದಿದ್ದರೂ ಹ್ಞೂಂ.

"ಈ ಹುಡುಗಿಗೆ ಮನೆಗೆ ಬೆಂಕಿ ಬಿದ್ದಿದೆ ಅಂದ್ರೂ ಹ್ಞೂಂ ಅಂತಾಳೆ, ಬಿದ್ದಿಲ್ಲ ಅಂದ್ರೂ ಹ್ಞೂಂ ಅಂತಾಳೆ. ಇವಳನ್ನ ನಂಬಿ ನೀರು ತರೋದೋ ಬಿಡೋದೋ ನೀವೇ ಹೇಳಿ," ಎಂದು ಅತ್ತೆ ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದಳು. ಗೊಂಬೆ ಅದಕ್ಕೂ ತಲೆಯಾಡಿಸುತ್ತಿದ್ದಳು.

ಅವಳ ಅಪ್ಪನದು ಹಲ್ಲು ಕಟ್ಟುವ ಕೆಲಸ. ದಂತವೈದ್ಯರಲ್ಲ. ವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ರಟ್ಟಿನ ಪೆಟ್ಟಿಗೆಯಲ್ಲಿ ಕಳುಹಿಸುವರು. ಅಪ್ಪ ಆ ಅಚ್ಚಿನ ಮೇಲೆ ಮೇಣದ ವಸಡು ಮಾಡಿ, ಹಲ್ಲುಗಳನ್ನು ಒಂದೊಂದಾಗಿ ಕೂರಿಸಿ, ಮೇಣದ ಜಾಗಕ್ಕೆ ಗುಲಾಬಿ ಬಣ್ಣದ ಗಟ್ಟಿ ವಸಡು ಎರಕ ಹೊಯ್ದು, ಮೆರುಗು ಕೊಟ್ಟು, ಅದೇ ಪೆಟ್ಟಿಗೆಯಲ್ಲಿ ಹಿಂದಕ್ಕೆ ಕಳುಹಿಸುವರು. ಮೂವತ್ತು ವರ್ಷಗಳಲ್ಲಿ ಸಾವಿರಾರು ಬಾಯಿಗಳಿಗೆ ಹಲ್ಲು ಕೊಟ್ಟಿದ್ದರೂ ಒಂದು ಬಾಯಿಯನ್ನೂ ಅವರು ಕಣ್ಣಾರೆ ಕಂಡವರಲ್ಲ. ಅವರ ಹೆಮ್ಮೆಯೆಲ್ಲ ಸಾಲಿನ ನೇರದಲ್ಲಿತ್ತು. "ಮುತ್ತು ಪೋಣಿಸಿದ ಹಾಗಿರಬೇಕು. ಒಂದು ಹಲ್ಲು ಆ ಕಡೆ ಈ ಕಡೆ ಆದ್ರೂ ನಮ್ಮ ಹೆಸರು ಹೋದ ಹಾಗೆ," ಎಂಬ ಮಾತನ್ನು ಗೊಂಬೆ ಹಾಲುಹಲ್ಲು ಬೀಳುವ ವಯಸ್ಸಿನಿಂದಲೂ ಕೇಳಿದ್ದಳು.

ಹದಿನಾರನೆಯ ವಯಸ್ಸಿಗೆ ಅವಳು ಅಪ್ಪನ ಪಕ್ಕದಲ್ಲಿ ಕುಳಿತಳು, ಇಪ್ಪತ್ತೆರಡಕ್ಕೆ ಅವಳ ಕೈ ಅಪ್ಪನ ಕೈಗಿಂತ ಚೆನ್ನಾಗಿ ಪಳಗಿತು. ಕೆಲಸ ಕಳುಹಿಸುವ ವೈದ್ಯರೊಬ್ಬರಿಗೆ ಹೊರದೇಶದಲ್ಲಿ ಹಲ್ಲು ಕಟ್ಟುವ ದೊಡ್ಡ ಕಾರ್ಯಾಗಾರವೊಂದರ ಪರಿಚಯವಿತ್ತು. ಅಲ್ಲಿ ಹೊರಗಿನ ಯುವಕ ಯುವತಿಯರನ್ನು ಎರಡು ವರ್ಷ ಇಟ್ಟುಕೊಂಡು ಕೆಲಸ ಕಲಿಸುತ್ತಿದ್ದರು. ಒಂದೇ ಷರತ್ತು: ಮೊದಲ ಆರು ತಿಂಗಳು ಪರೀಕ್ಷೆಯ ಕಾಲ. ಆರನೆಯ ತಿಂಗಳ ಕೊನೆಯಲ್ಲಿ ಮುಖ್ಯಸ್ಥನು ಬರೆಯುವ ವರದಿ ಒಳ್ಳೆಯದಿದ್ದರೆ ಮುಂದಕ್ಕೆ, ಇಲ್ಲದಿದ್ದರೆ ಊರಿಗೆ.

ಅಪ್ಪ ಅವಳನ್ನು ಕೂರಿಸಿಕೊಂಡು ಹೇಳಿದರು: "ನನಗೂ ಅರವತ್ತೆರಡಾಯ್ತು. ಕಣ್ಣು ಮೊದಲಿನ ಹಾಗಿಲ್ಲ. ಎರಡು ವರ್ಷ ಪೂರ್ತಿ ಮಾಡ್ಕೊಂಡು ಬಾ, ಅಂಗಡಿ ನಿನ್ನದು. ಅರ್ಧಕ್ಕೇ ಬಂದ್ರೆ, ನೋಡಮ್ಮ, ವೈದ್ಯರು ನಿನ್ನ ನಂಬಿ ಕೆಲಸ ಕೊಡಲ್ಲ. ಬಾಗಿಲು ಹಾಕಿ ಬೀಗ ಜಡಿಯೋದೇ."

ಗೊಂಬೆ ಹ್ಞೂಂ ಎಂದಳು. ಈ ಸಲ ಅವಳಿಗೆ ಮಾತು ಪೂರ್ತಿ ತಿಳಿದಿತ್ತು.

ಹೊರದೇಶದಲ್ಲಿ ಅವಳಿಗೆ ಸಿಕ್ಕಿದ್ದು ಮೂರನೆಯ ಮಹಡಿಯ ಒಂದು ಕೋಣೆ. ಮಂಚ, ಮೇಜು, ಎದುರು ಗೋಡೆಯನ್ನಷ್ಟೇ ತೋರಿಸುವ ಒಂದು ಕಿಟಕಿ. ಅಡುಗೆಮನೆ ಇನ್ನಿಬ್ಬರೊಡನೆ ಹಂಚಿಕೆ. ಅಲ್ಲಿಯ ಭಾಷೆಯನ್ನು ಅವಳು ಊರಿನಲ್ಲಿ ಎಂಟು ತಿಂಗಳು ತರಗತಿಗೆ ಹೋಗಿ ಕಲಿತಿದ್ದಳು. ಇಲ್ಲಿಗೆ ಬಂದ ಮೇಲೆ ತಿಳಿಯಿತು, ತರಗತಿಯಲ್ಲಿ ಎಲ್ಲರೂ ನಿಧಾನವಾಗಿ ಮಾತಾಡುತ್ತಿದ್ದರೆಂದು. ಕೇಳಿ ತಿಳಿದುಕೊಳ್ಳೋಣವೆಂದರೆ ಬಾಯಿ ಬಾರದು. ಅಂಗಡಿಯಲ್ಲಿ ಚಂದದ ಸೀಸೆಯೊಂದನ್ನು ಕಂಡು ಬಟ್ಟೆಯ ಸೋಪೆಂದು ತಂದು ಮೂರು ವಾರ ಬಟ್ಟೆ ಒಗೆದಳು. ಬಟ್ಟೆ ಘಮ್ಮೆನ್ನುತ್ತಿತ್ತು, ಕೊಳೆ ಮಾತ್ರ ಹಾಗೆಯೇ ಇತ್ತು. ಕೊನೆಗೆ, ಅದು ಒಗೆದಾದ ಮೇಲೆ ಬಟ್ಟೆ ಮೃದುವಾಗಲೆಂದು ಹಾಕುವ ದ್ರವ ಎಂದು ತಿಳಿಸಿ, ಸೋಪಿನ ಡಬ್ಬಿಯ ಚಿತ್ರ ಬರೆದುಕೊಟ್ಟವಳು ಕಾರ್ಯಾಗಾರದಲ್ಲಿ ಮೇಣದ ಕೆಲಸ ಮಾಡುವ ಹೆಂಗಸು.

ಆ ಕಾರ್ಯಾಗಾರದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮೇಜು. ಅಚ್ಚು ಹೊಯ್ಯುವವನೊಬ್ಬ, ಮೇಣದಲ್ಲಿ ಹಲ್ಲು ಕೂರಿಸುವವಳೊಬ್ಬಳು, ಆಮೇಲೆ ಮೇಣವನ್ನು ತಿದ್ದಿ ಎರಕ ಹೊಯ್ದು ಮೆರುಗು ಕೊಡುವ ಕೊನೆಯ ಮೇಜು ಗೊಂಬೆಯದು. ಮೇಣದಾಕೆ ಐವತ್ತರ ಹೆಂಗಸು, ಅಗಲವಾದ ಭುಜ, ಕೈಬೆರಳು ಮಾತ್ರ ಸೂಜಿಯ ಹಾಗೆ. ಗೊಂಬೆ ಮನಸ್ಸಿನಲ್ಲೇ ಅವಳನ್ನು ಅಕ್ಕ ಎಂದು ಕರೆಯುತ್ತಿದ್ದಳು. ಎಲ್ಲರ ಮೇಲೆ ಇದ್ದ ಮುಖ್ಯಸ್ಥನಿಗೆ ಅವಳು ಮನಸ್ಸಿನಲ್ಲಿ ಕೊಟ್ಟ ಹೆಸರು ಮೇಸ್ತ್ರಿ. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಅದನ್ನೇ ಹುಡುಕುತ್ತಾ ಓಡಾಡುವ ಮನುಷ್ಯ. ಏನು ಹೇಳಿದರೂ ಕೊನೆಯಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತಿತ್ತು: "ಗೊತ್ತಾಯ್ತಾ?"

"ಹ್ಞೂಂ, ಸಾರ್."

ಗೊತ್ತಾಗಲಿಲ್ಲ ಎಂದರೆ ವರದಿಯಲ್ಲಿ ಬರೆದುಬಿಡುತ್ತಾರೆ ಎಂಬ ಭಯ ಅವಳಿಗೆ. ಅರ್ಧ ಮಾತನ್ನು ಕಿವಿಯಿಂದ, ಉಳಿದರ್ಧವನ್ನು ಪಕ್ಕದವರ ಕೈನೋಟದಿಂದ ಕಲಿತಳು. ಕಣ್ಣು ಚುರುಕು, ಕೈ ಇನ್ನೂ ಚುರುಕು. ಹಾಗಾಗಿ ಐದು ತಿಂಗಳು ನಡೆದುಹೋಯಿತು.

ಅಲ್ಲಿಯ ಒಂದು ಪದ್ಧತಿ ಅವಳಿಗೆ ಹೊಸದು. ಕೆಳಗಿನ ಅಂತಸ್ತಿನಲ್ಲಿ ಕನ್ನಡಿಯಿದ್ದ ಒಂದು ಚಿಕ್ಕ ಕೋಣೆ. ಹಲ್ಲುಸೆಟ್ಟು ಸಿದ್ಧವಾದ ದಿನ ಅದನ್ನು ತೊಡುವವರು ಅಲ್ಲಿಗೇ ಬರುವರು, ಅವರ ವೈದ್ಯರೂ ಬರುವರು. ಹಲ್ಲು ಮಾಡಿದವರು ಎದುರಿಗೆ ಕೂರಬೇಕು. ತೊಡುವವರು ಬ್ರೆಡ್ಡು ಕಚ್ಚಿ ತಿನ್ನಬೇಕು, ಪತ್ರಿಕೆಯ ನಾಲ್ಕು ಸಾಲು ಗಟ್ಟಿಯಾಗಿ ಓದಬೇಕು. ಪರೀಕ್ಷೆಯ ಕಾಲ ಮುಗಿಯದವರನ್ನು ಆ ಕೋಣೆಗೆ ಬಿಡುತ್ತಿರಲಿಲ್ಲ. ಗೊಂಬೆಯ ಕೆಲಸಕ್ಕೆಲ್ಲ ಮೇಣದಾಕೆಯೇ ಹೋಗಿ ಕೂರುತ್ತಿದ್ದಳು.

ವರದಿಗೆ ಇನ್ನು ಮೂರು ವಾರವಿತ್ತು. ಬೇಸಿಗೆಯ ದಿನ. ಮೇಣದಾಕೆ ತಂಗಿಯ ಮನೆಗೆಂದು ಹತ್ತು ದಿನ ರಜೆ ಹಾಕಿ ಹೋಗಿದ್ದಳು. ಹೋಗುವ ಮುನ್ನ ಅವಳು ಮೇಣದಲ್ಲಿ ಕೂರಿಸಿದ್ದ ಹಲ್ಲುಗಳು, ವೈದ್ಯರ ಬಳಿ ಪರೀಕ್ಷೆ ಮುಗಿದು, ಒಂದು ತಟ್ಟೆಯಲ್ಲಿ ಗೊಂಬೆಯ ಮೇಜಿಗೆ ಬಂದವು. ನೋಡುತ್ತಾಳೆ, ಮೇಲಿನ ಸಾಲಿನ ಮುಂದಿನ ಎರಡು ಹಲ್ಲುಗಳ ನಡುವೆ ಉಗುರಿನ ದಪ್ಪದ ಸಂದಿ. ತಟ್ಟೆಯಲ್ಲಿ ವೈದ್ಯರ ಕೈಬರಹದ ಚೀಟಿ. ಇರುವೆ ಮಸಿಯಲ್ಲಿ ಬಿದ್ದು ಎದ್ದು ನಡೆದಂತಿತ್ತು. ಗೊಂಬೆ ಅದನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದಳು. ಒಂದು ಪದವೂ ಕೂಡಿಬರಲಿಲ್ಲ.

ಅಷ್ಟರಲ್ಲಿ ಮೇಸ್ತ್ರಿ ಆ ಕಡೆಯಿಂದ ಹಾದುಹೋದನು. "ಚೀಟಿ ಓದಿದ್ಯಾ?"

"ಹ್ಞೂಂ, ಸಾರ್."

ಅವನು ಹೋದ ಮೇಲೆ ಗೊಂಬೆ ತನ್ನಷ್ಟಕ್ಕೆ ತೀರ್ಮಾನಿಸಿದಳು. ಬಿಸಿಲಿನಲ್ಲಿ ಬಂದ ಪೆಟ್ಟಿಗೆ. ಮೇಣ ಮೆತ್ತಗಾಗಿದೆ, ಹಲ್ಲು ಸರಿದಿದೆ. ಪಾಪ, ಅಕ್ಕ ಇಂಥ ಕೆಲಸ ಮಾಡುವವಳಲ್ಲ. ಅವಳು ಚೂರಿಯನ್ನು ದೀಪದಲ್ಲಿ ಕಾಯಿಸಿ, ಮೇಣ ಸಡಿಲಿಸಿ, ಎರಡು ಹಲ್ಲುಗಳನ್ನು ಒಂದಕ್ಕೊಂದು ತಾಗಿಸಿ, ಪಕ್ಕದವುಗಳನ್ನು ಕೂದಲೆಳೆಯಷ್ಟು ಸರಿಸಿ ಸಾಲು ಕೂಡಿಸಿದಳು. ಎರಕ ಹೊಯ್ದು ಮೆರುಗು ಕೊಟ್ಟಾಗ ಸೆಟ್ಟು ಮುತ್ತು ಪೋಣಿಸಿದ ಹಾಗಿತ್ತು. ಫೋಟೋ ತೆಗೆದು ಅಪ್ಪನಿಗೆ ಕಳುಹಿಸಿ, ಮೇಣ ಜಾರಿದ್ದನ್ನು ತಾನೇ ಕಂಡು ಸರಿಮಾಡಿದೆನೆಂದು ಬರೆದಳು. ಅಪ್ಪನ ಉತ್ತರ ಒಡನೆಯೇ ಬಂತು: "ಭೇಷ್. ಕಣ್ಣು ಅಂದ್ರೆ ಇದು."

ಮೂರು ದಿನಗಳ ಮೇಲೆ ಮೇಸ್ತ್ರಿ ಅವಳನ್ನು ಕರೆದನು. ಮೇಣದಾಕೆ ಇಲ್ಲದ್ದರಿಂದ ಕನ್ನಡಿಯ ಕೋಣೆಗೆ ಈ ಸಲ ಅವಳೇ ಹೋಗಬೇಕು. ಗೊಂಬೆ ಕೈ ಒರೆಸಿಕೊಂಡು ಕೆಳಗಿಳಿದಳು.

ಕುರ್ಚಿಯಲ್ಲಿ ಒಬ್ಬ ಅಜ್ಜ ಕುಳಿತಿದ್ದನು. ಲಿಫ್ಟು ರಿಪೇರಿ ಮಾಡಿ ನಿವೃತ್ತನಾದವನಂತೆ. ಇಸ್ತ್ರಿ ಮಾಡಿದ ಅಂಗಿ, ಗುಳಿಬಿದ್ದ ಕೆನ್ನೆ. ಹಲ್ಲು ತೊಟ್ಟೊಡನೆ ಕೆನ್ನೆ ತುಂಬಿ ಹತ್ತು ವರ್ಷ ಕಿರಿಯನಾದನು. ಬ್ರೆಡ್ಡು ಕಚ್ಚಿದನು, ಸರಾಗ. ಪತ್ರಿಕೆ ಓದಿದನು, ಒಂದಕ್ಷರವೂ ತೊದಲಲಿಲ್ಲ. ತಾನು ಮಾಡಿದ ಹಲ್ಲು ಮನುಷ್ಯನ ಬಾಯಲ್ಲಿ ಕುಳಿತು ಮಾತಾಡುವುದನ್ನು ಅವಳು ಕಂಡದ್ದು ಅದೇ ಮೊದಲು.

ಆಮೇಲೆ ಅಜ್ಜ ಎದ್ದು ಕಿಟಕಿಯ ಬಳಿ ಹೋಗಿ, ತುಟಿ ಚೂಪು ಮಾಡಿ ಊದಿದನು. ಬರಿಯ ಗಾಳಿ ಬಂತು. ಇನ್ನೊಮ್ಮೆ ಊದಿದನು. ಮತ್ತೂ ಗಾಳಿಯೇ. ಬಾಯೊಳಗೆ ಬೆರಳಿಟ್ಟು ಮುಂದಿನ ಹಲ್ಲು ತಡವಿ ನೋಡಿ, ಸೆಟ್ಟು ಕಳಚಿ ಕರವಸ್ತ್ರದ ಮೇಲಿಟ್ಟನು. ಕೆನ್ನೆ ಮತ್ತೆ ಒಳಗೆ ಹೋಯಿತು.

"ಸಂದಿ ಎಲ್ಲಿ?" ಎಂದನು.

ಅವನು ಮನೆಯ ಮಾಳಿಗೆಯ ಮೇಲೆ ಪಾರಿವಾಳ ಸಾಕಿದ್ದನು. ಹುಟ್ಟಿನಿಂದಲೂ ಅವನ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ. ಆ ಸಂದಿಯಿಂದ ಹೊರಡುತ್ತಿದ್ದ ಸಿಳ್ಳೆಗೇ ಹಕ್ಕಿಗಳು ಗೂಡಿಗೆ ಇಳಿಯುವ ಅಭ್ಯಾಸ. ಹಲ್ಲೆಲ್ಲ ಕೀಳಿಸಿ ಮೂರು ತಿಂಗಳು ಸಿಳ್ಳೆಯಿಲ್ಲ. ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿ ಕರೆದರೆ ಕೆಲವು ಬರುತ್ತವೆ, ಆರು ಹಕ್ಕಿಗಳು ಎದುರುಮನೆಯ ಮಾಡಿನಲ್ಲಿ ಕೂರತೊಡಗಿವೆ. ಇನ್ನೆರಡು ವಾರ ಕಳೆದರೆ ಅಲ್ಲೇ ಗೂಡು ಕಟ್ಟಿ ಅಲ್ಲಿಯವೇ ಆಗಿಬಿಡುತ್ತವೆ. "ತಿನ್ನೋಕೆ ನನಗೆ ಗಂಜಿ ಸಾಕಿತ್ತು ಕಣಯ್ಯ. ಈ ಹಲ್ಲು ಕಟ್ಟಿಸಿದ್ದೇ ಅದಕ್ಕೆ," ಎಂದು ವೈದ್ಯರ ಕಡೆ ನೋಡಿದನು.

ವೈದ್ಯರು, ಸಂದಿ ಇರಲೇಬೇಕೆಂದು ಚೀಟಿಯಲ್ಲಿ ಬರೆದಿದ್ದೇನೆ ಎಂದರು. ಮೇಸ್ತ್ರಿ ಹಣೆಯ ಮೇಲಿನ ಕನ್ನಡಕ ಇಳಿಸಿ ಸೆಟ್ಟನ್ನು ತಿರುಗಿಸಿ ನೋಡಿದನು. "ಮೇಣದ ಮೇಜಲ್ಲೇ ತಪ್ಪಾಗಿರಬೇಕು. ಅವಳು ರಜೆಯಿಂದ ಬರಲಿ, ಕೇಳ್ತೀನಿ."

ಗೊಂಬೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತುಟಿ ಪಿಟಕ್ಕೆನ್ನದಿದ್ದರೆ ಸಾಕು, ಈ ಹೊತ್ತು ದಾಟಿಹೋಗುತ್ತದೆ. ಮೇಣದಾಕೆಗೆ ಇಪ್ಪತ್ತು ವರ್ಷದ ಹೆಸರಿದೆ, ಒಂದು ತಪ್ಪಿನಿಂದ ಅವಳನ್ನು ಯಾರೂ ಮನೆಗೆ ಕಳುಹಿಸುವುದಿಲ್ಲ. ತನ್ನನ್ನಾದರೆ ಕಳುಹಿಸುತ್ತಾರೆ. ಊರಿನ ಅಂಗಡಿಯ ಬಾಗಿಲು ಕಣ್ಣಮುಂದೆ ಮುಚ್ಚಿದಂತಾಯಿತು. ಆದರೆ ರಜೆ ಮುಗಿಸಿ ಬಂದವಳು, ಸೋಪಿನ ಚಿತ್ರ ಬರೆದುಕೊಟ್ಟವಳು, ಮೇಸ್ತ್ರಿಯ ಮುಂದೆ ನಿಂತು 'ನಾನು ಸಂದಿ ಬಿಟ್ಟಿದ್ದೆನಲ್ಲ' ಎಂದು ತನ್ನ ಕೈಯನ್ನೇ ಅನುಮಾನಿಸುವ ಚಿತ್ರವೂ ಪಕ್ಕದಲ್ಲೇ ಬಂತು. ಅದನ್ನು ನೋಡಲು ಅವಳಿಂದ ಆಗಲಿಲ್ಲ.

"ಅವರಲ್ಲ ಸಾರ್. ನಾನು," ಎಂದಳು. "ಮೇಣದಲ್ಲಿ ಸಂದಿ ಇತ್ತು. ಹಲ್ಲು ಸರಿದಿದೆ ಅಂದ್ಕೊಂಡು ನಾನೇ ಮುಚ್ಚಿದೆ."

"ಚೀಟಿ ಓದಿದ್ಯಲ್ಲ?"

"ಓದೋಕೆ ಬರಲಿಲ್ಲ."

"ಕೇಳಿದಾಗ ಹ್ಞೂಂ ಅಂದೆ."

"ಅಂದೆ. ಬರಲ್ಲ ಅಂದ್ರೆ ವಾಪಸ್ ಕಳಿಸ್ತೀರಿ ಅಂತ ಭಯ ಆಯ್ತು."

ಅಜ್ಜ ವೈದ್ಯರ ಕೈಯಿಂದ ಚೀಟಿಯ ಪ್ರತಿ ಇಸಿದುಕೊಂಡು ಕಣ್ಣಿನ ಹತ್ತಿರ, ದೂರ ಹಿಡಿದು ನೋಡಿ, "ಇದನ್ನ ಹುಟ್ಟಿದಾಗಿಂದ ಇದೇ ಭಾಷೆ ಆಡೋ ನನಗೇ ಓದೋಕೆ ಆಗ್ತಿಲ್ಲ, ಆ ಹುಡುಗಿಗೆ ಏನಂತೀರಿ," ಎಂದನು. ವೈದ್ಯರು ಕೆಮ್ಮಿದರು.

ಮೇಸ್ತ್ರಿ ನಗಲಿಲ್ಲ. ಸೆಟ್ಟನ್ನು ಗೊಂಬೆಯ ಕೈಗೆ ಕೊಟ್ಟು, "ಇದನ್ನ ಏನು ಮಾಡಬಹುದು?" ಎಂದು ಕೇಳಿದನು.

ಐದು ತಿಂಗಳಲ್ಲಿ ಹ್ಞೂಂ ಎನ್ನಲಾಗದ ಮೊದಲ ಪ್ರಶ್ನೆ ಅದು. "ಎರಡು ಹಲ್ಲಿನ ಒಳಗಿನ ಅಂಚನ್ನ ಅರದಿಂದ ಸ್ವಲ್ಪ ಸ್ವಲ್ಪ ಉಜ್ಜಿದ್ರೆ ಸಂದಿ ಬರುತ್ತೆ. ಎಷ್ಟು ಉಜ್ಜಬೇಕು ಅಂತ ನನಗೆ ಗೊತ್ತಿಲ್ಲ ಸಾರ್. ಇವರು ಊದಿ ನೋಡ್ತಾ ಇದ್ರೆ ಮಾತ್ರ ಗೊತ್ತಾಗುತ್ತೆ."

"ಜಾಸ್ತಿ ಉಜ್ಜಿದ್ರೆ?"

"ಸೆಟ್ಟು ಹೋದ ಹಾಗೆ. ಹೊಸದು ಮಾಡೋಕೆ ಮೂರು ವಾರ."

"ಮೂರು ವಾರಕ್ಕೆ ನನ್ನ ಹಕ್ಕಿಗಳು ಎದುರುಮನೆಯವನ ಹೆಸರು ಇಟ್ಕೊಂಡಿರ್ತವೆ," ಎಂದನು ಅಜ್ಜ. "ನಾಳೆ ಬೆಳಗ್ಗೆ ಮಾಳಿಗೆಗೇ ಬಾರಮ್ಮ. ಇಲ್ಲಿ ಊದಿದ್ರೆ ನನಗೆ ಸರಿ ಅನ್ನಿಸಬಹುದು. ಅವಕ್ಕೆ ಅನ್ನಿಸಬೇಕಲ್ಲ."

ವೈದ್ಯರು ಒಪ್ಪಿದರು. ಮೇಸ್ತ್ರಿ, "ವಿಳಾಸ ಓದೋಕೆ ಬರುತ್ತಾ?" ಎಂದನು. ಗೊಂಬೆ ನೋಡಿ, "ಬೀದಿಯ ಹೆಸರು ಬರಲ್ಲ ಸಾರ್, ಬಿಡಿಸಿ ಹೇಳಿ," ಎಂದಳು. ಅವನು ಬಿಡಿಸಿ ಹೇಳಿದನು.

ಸಂಜೆ ಅಪ್ಪನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. "ಹಲ್ಲಲ್ಲಿ ಸಂದಿ ಬೇಕು ಅಂತ ಯಾರಾದ್ರೂ ಕೇಳ್ತಾರೇನಮ್ಮ? ಅವನಿಗೆ ತಲೆ ನೆಟ್ಟಗಿದೆಯಾ?" ಎಂದರು ಅಪ್ಪ. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ವಾಪಸ್ ಕಳಿಸಿದ್ರೆ ಕಳಿಸಲಿ ಬಿಡೋ. ಬಾಯಿ ಬಿಟ್ಟು ಹೇಳಿದಳಲ್ಲ, ಅದೇ ದೊಡ್ಡದು." ಅಪ್ಪ, "ಸಣ್ಣ ಅರ ತಗೊಂಡು ಹೋಗು," ಎಂದಷ್ಟೇ ಹೇಳಿ ಫೋನು ಇಟ್ಟರು.

ಮರುದಿನ ಗೊಂಬೆ ಎರಡು ಬಸ್ಸು ಬದಲಿಸಿ, ನಾಲ್ಕು ಜನರನ್ನು ದಾರಿ ಕೇಳಿ, ಐದು ಮಹಡಿಯ ಮೆಟ್ಟಿಲು ಹತ್ತಿದಳು. ಲಿಫ್ಟು ಕೆಟ್ಟಿತ್ತು. "ಜೀವಮಾನವೆಲ್ಲ ಊರಿನ ಲಿಫ್ಟು ಸರಿಮಾಡಿದೆ, ನನ್ನ ಮನೇದು ಮಾತ್ರ ನನ್ನ ಮಾತು ಕೇಳಲ್ಲ," ಎಂದು ಅಜ್ಜ ಮಾಳಿಗೆಯ ಬಾಗಿಲು ತೆರೆದನು. ತಂತಿಯ ಗೂಡುಗಳು, ನೀರಿನ ತೊಟ್ಟಿ, ಒಂದು ಹಳೆಯ ಸ್ಟೂಲು. ಬೀದಿಯಾಚೆ ಎದುರುಮನೆಯ ಮಾಡಿನ ಅಂಚಿನಲ್ಲಿ ಆರು ಹಕ್ಕಿಗಳು ಬೆನ್ನು ತೋರಿಸಿ ಕುಳಿತಿದ್ದವು.

ಗೊಂಬೆ ಅರ ತೆಗೆಯುವ ಮುನ್ನ ಕೇಳತೊಡಗಿದಳು. ನಾಲಿಗೆ ಎಲ್ಲಿ ತಾಗುತ್ತದೆ? ಗಾಳಿ ನೇರ ಹೋಗುತ್ತಿತ್ತೋ, ಒಂದು ಬದಿಗೋ? ಸಂದಿ ವಸಡಿನವರೆಗೂ ಇತ್ತೋ, ತುದಿಯಲ್ಲಿ ಮಾತ್ರವೋ? ಪದ ಸಿಗದ ಕಡೆ ಅಂಗೈ ಮೇಲೆ ಬೆರಳಿನಿಂದ ಬರೆದು ಕೇಳಿದಳು. ಅಜ್ಜನಿಗೆ ಮೊದಲು ನಗು, ಆಮೇಲೆ ಯೋಚನೆ. "ಇಷ್ಟು ವರ್ಷ ಊದಿದ್ದೀನಿ, ನಾಲಿಗೆ ಎಲ್ಲಿತ್ತು ಅಂತ ಯಾವನು ನೋಡಿದ," ಎನ್ನುತ್ತಾ ಕಣ್ಣು ಮುಚ್ಚಿ ಬರಿಯ ಬಾಯಲ್ಲಿ ನಟಿಸಿ ತೋರಿಸಿದನು. ಗಾಳಿ ಎಡಕ್ಕೆ ವಾಲುತ್ತಿತ್ತು.

ಅವಳು ನಾಲ್ಕು ಸಲ ಅರ ಎಳೆದು, ತೊಳೆದು ಕೊಟ್ಟಳು. ಬರಿಯ ಗಾಳಿ. ಮತ್ತೆ ನಾಲ್ಕು. ಕೀರಲು ದನಿಯೊಂದು ಹೊರಟು ಕೆಳಗಿನ ಬೀದಿಯಲ್ಲಿ ನಾಯಿ ಬೊಗಳಿತು.

"ಹಕ್ಕಿ ಬರಲಿಲ್ಲ, ನಾಯಿ ಬಂತು," ಎಂದು ಅಜ್ಜ ನಕ್ಕ ರಭಸಕ್ಕೆ ಸೆಟ್ಟು ಜಾರಿ ಅವನ ಅಂಗೈಗೆ ಬಿತ್ತು. ಗೊಂಬೆಗೂ ನಗು ತಡೆಯಲಾಗಲಿಲ್ಲ.

ಇನ್ನು ಉಳಿದಿದ್ದುದು ಬಹಳ ಸ್ವಲ್ಪ. ಎರಡು ಎಳೆತ ಹೆಚ್ಚಾದರೆ ಹಲ್ಲು ಕಿರಿದಾಗಿ ಕೆಟ್ಟುಹೋಗುತ್ತದೆ. ಅವಳು ಅರವನ್ನು ಕೆಳಗಿಟ್ಟು, "ಹಳೇ ಸಿಳ್ಳೆ ಇದಕ್ಕಿಂತ ದಪ್ಪವೋ ತೆಳುವೋ?" ಎಂದು ಕೇಳಿದಳು. ದಪ್ಪ, ಎಂದನು ಅಜ್ಜ. ಎಡಗಡೆಯ ಹಲ್ಲಿಗೆ ಮಾತ್ರ, ಒಳಬದಿಯಿಂದ, ಒಂದೇ ಸಲ ಅರ ಎಳೆದಳು. ಆ ಕಡೆ ಗಾಳಿಗೆ ಒಂದು ಓರೆಯ ದಾರಿಯಾಯಿತು.

ಅಜ್ಜ ತೊಟ್ಟನು. ಊದಿದನು. ಮೆಲ್ಲಗೆ ಶುರುವಾಗಿ, ತುಂಬಿಕೊಂಡು, ಕೊನೆಯಲ್ಲಿ ಸ್ವಲ್ಪ ಬಾಗುವ ಒಂದು ಸಿಳ್ಳೆ. ಅವನು ಎರಡನೆಯ ಸಲ ಊದಲಿಲ್ಲ. ಗೋಡೆ ಹಿಡಿದುಕೊಂಡು ಹಾಗೆಯೇ ನಿಂತನು. ಎದುರು ಮಾಡಿನಲ್ಲಿ ಒಂದು ಹಕ್ಕಿ ತಿರುಗಿ ಕುಳಿತಿತು. ಆಮೇಲೆ ಹಾರಿತು. ಅದರ ಹಿಂದೆ ಇನ್ನೆರಡು. ಮೂರು ಹಕ್ಕಿಗಳು ತೊಟ್ಟಿಯ ಅಂಚಿಗೆ ಇಳಿದವು. ಉಳಿದ ಮೂರು ಅಲ್ಲೇ ಉಳಿದವು. ಆ ದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲವೆಂದು ಗೊಂಬೆಗೆ ಮುಂದೆ ತಿಳಿಯಿತು.

"ಆ ಮೂರೂ ಮೊದಲಿಂದಲೂ ಮೊಂಡು," ಎಂದು ಅಜ್ಜ ತೋಳಿನಿಂದ ಕಣ್ಣೊರೆಸಿಕೊಂಡನು.

ಎರಡು ವಾರ ಕಳೆದು ವರದಿ ಬಂತು. ಮೇಸ್ತ್ರಿ ಅದನ್ನು ಅವಳ ಮೇಜಿನ ಮೇಲಿಟ್ಟು, "ಓದು. ತಿಳಿಯದಿದ್ದರೆ ಕೇಳು," ಎಂದನು. ಎರಡೇ ಸಾಲು. ಕೈ ಒಳ್ಳೆಯದು. ಈಗ ಪ್ರಶ್ನೆ ಕೇಳುತ್ತಾಳೆ, ಆದ್ದರಿಂದ ಇರಲಿ. ರಜೆಯಿಂದ ಬಂದಿದ್ದ ಮೇಣದಾಕೆ ಹೆಗಲ ಮೇಲಿನಿಂದ ಇಣುಕಿ ಓದಿ, ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಆ ಗುದ್ದಿನ ನೋವು ಎರಡು ದಿನ ಇತ್ತು.

ಉಳಿದ ಒಂದೂವರೆ ವರ್ಷದಲ್ಲಿ ಗೊಂಬೆ ಕನ್ನಡಿಯ ಕೋಣೆಯಲ್ಲಿ ಎಷ್ಟೋ ಬಾಯಿಗಳ ಎದುರು ಕುಳಿತಳು. ತಪ್ಪು ಮಾಡಿದಳು, ಹೇಳಿದಳು, ತಿದ್ದಿದಳು. ವೈದ್ಯರಿಗೇ ಫೋನು ಮಾಡಿ, ನಿಮ್ಮ ಚೀಟಿ ಓದಲಾಗುತ್ತಿಲ್ಲ ಎನ್ನುವಷ್ಟು ಧೈರ್ಯ ಬಂತು. ಒಬ್ಬಳೇ ಜ್ವರದಲ್ಲಿ ಮಲಗಿ ಎದ್ದಳು, ಪಕ್ಕದ ಕೋಣೆಯವಳ ಜ್ವರಕ್ಕೆ ಗಂಜಿ ಕಾಯಿಸಿದಳು. ಹೋದಾಗ ಇದ್ದ ಕೈ ಹಾಗೆಯೇ ಇತ್ತು. ಅದರ ಹಿಂದೆ ಬಾಯಿ ಬಿಟ್ಟು ಕೇಳಬಲ್ಲ ಒಬ್ಬ ಹೆಣ್ಣುಮಗಳು ಬಂದು ನಿಂತಿದ್ದಳು.

ಎರಡು ವರ್ಷ ಮುಗಿಸಿ ಊರಿಗೆ ಬಂದ ಮೊದಲ ವಾರವೇ ಅಂಗಡಿಯಲ್ಲಿ ಎರಡು ಕುರ್ಚಿ ಹಾಕಿಸಿದಳು. ಹಲ್ಲು ತೊಡುವವರನ್ನು ಇಲ್ಲಿಗೇ ಒಮ್ಮೆ ಕಳುಹಿಸಿಕೊಡಿ ಎಂದು ವೈದ್ಯರಿಗೆ ಫೋನು ಮಾಡಿದಳು. ಕೆಲವರು ಒಪ್ಪಿದರು, ಇಬ್ಬರು, ಇದೇನು ಹೊಸ ಕಾಟ, ಎಂದು ಕೆಲಸ ಕಳುಹಿಸುವುದನ್ನೇ ಬಿಟ್ಟರು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಕೂರುವ ತಮ್ಮ ಹಳೆಯ ಮೇಜಿನಿಂದಲೇ ಗೊಣಗಿದರು. "ಇದು ಹಲ್ಲಿನ ಅಂಗಡಿನಾ, ಮದುವೆ ಮನೆನಾ, ಬಂದವರನ್ನೆಲ್ಲ ಕೂರಿಸಿ ಯೋಗಕ್ಷೇಮ ಕೇಳೋಕೆ? ಮೂವತ್ತು ವರ್ಷ ನಾನು ಯಾರ ಮುಖ ನೋಡಿದೆ?"

"ನೋಡಲಿಲ್ಲ ಅಂತಲೇ ಹೇಳ್ತಿರೋದು ಅಪ್ಪ," ಎಂದಳು ಗೊಂಬೆ. ಅಪ್ಪ ಬೆಚ್ಚಿ ಅತ್ತೆಯ ಕಡೆ ನೋಡಿದರು. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಮೊದಲು ಬಂದ ಹೆಂಗಸು ಬಟ್ಟೆ ಹೊಲಿಯುವವಳು. ಅಪ್ಪ ಕಟ್ಟಿದ ಸೆಟ್ಟನ್ನೇ ವರ್ಷದಿಂದ ಹಾಕುತ್ತಿದ್ದಳು. ಹಲ್ಲು ಚೆನ್ನಾಗಿವೆ, ಏನೂ ತೊಂದರೆಯಿಲ್ಲ ಎಂದು ಮೂರು ಸಲ ಹೇಳಿದಳು. ಗೊಂಬೆ ಬಿಡದೆ, ದಿನವಿಡೀ ಏನೇನು ಮಾಡುತ್ತೀರಿ ಎಂದು ಒಂದೊಂದಾಗಿ ಕೇಳುತ್ತಾ ಹೋದಾಗ ನಾಚಿಕೊಂಡು ಹೇಳಿದಳು: "ದಾರ ಕಚ್ಚಿ ಕಡಿಯೋಕೆ ಆಗಲ್ಲಮ್ಮ. ಮೊದಲೆಲ್ಲ ಕೈಯಲ್ಲಿ ಬಟ್ಟೆ ಇದ್ದ ಹಾಗೇ ಕಟ್ ಅಂತ ಕಡೀತಿದ್ದೆ. ಈಗ ಪ್ರತಿ ಸಲ ಕತ್ತರಿ ಹುಡುಕಬೇಕು. ಹಲ್ಲು ನುಣ್ಣಗೆ, ದಾರ ಜಾರಿಹೋಗುತ್ತೆ. ಇದನ್ನೆಲ್ಲ ಯಾರಿಗೆ ಹೇಳೋದು ಅಂತ ಸುಮ್ಮನಿದ್ದೆ."

ಗೊಂಬೆ ಉತ್ತರ ಕೊಡುವ ಮೊದಲೇ ಹಿಂದೆ ಸ್ಟೂಲು ಕಿರುಗುಟ್ಟಿತು. ಅಪ್ಪ ಗೋಡೆಗೆ ಬೆನ್ನು ಮಾಡಿ ತಿರುಗಿದ್ದರು. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಆ ಹೆಂಗಸಿನ ಬಾಯಿಯನ್ನು ನೋಡಿದರು.

"ಯಾವ ಕಡೆ ಕಚ್ತಿದ್ರಿ ತಾಯಿ," ಎಂದರು, "ಎಡಗಡೆನಾ, ಬಲಗಡೆನಾ?"